ಎರಡನೆಯ ಅರ್ಧ

ದೊಡ್ಡ ಮೇಷ್ಟ್ರು ಬರಲು ಒಪ್ಪಿಕೊಂಡರೆಂಬ ಸುದ್ದಿಯನ್ನು ಅವಳು ಗಂಡನಿಗೆ ಹೇಳಿದ್ದು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ, ಹಸುವಿನ ಹಗ್ಗ ಹಿಡಿದುಕೊಂಡು. ಗಂಡ ದನದ ಡಾಕ್ಟರು. ಕೆಲಸದಿಂದ ನಿವೃತ್ತನಾಗಿದ್ದರೂ ಸುತ್ತಮುತ್ತಲಿನ ದನಗಳಿಗೆ ಆ ವಿಷಯ ಇನ್ನೂ ತಿಳಿದಿರಲಿಲ್ಲ. ಅವನು ಮೊಣಕಾಲೂರಿ ಕುಳಿತು ಹಸುವಿನ ಗೊರಸಿನ ಸಂದಿಯಿಂದ ಕಲ್ಲಿನ ಚೂರೊಂದನ್ನು ಕೀಳುತ್ತಿದ್ದ. ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರಾಗಿ ಅವಳು ಎಷ್ಟು ವರ್ಷ ಕಳೆದಿದ್ದರೂ ಹಗ್ಗ ಹಿಡಿಯುವ ಕೆಲಸ ಮಾತ್ರ ಅವಳಿಗೆ ತಪ್ಪಿರಲಿಲ್ಲ.

"ಯಾರು, ನಿನ್ನ ಪಿಎಚ್‌ಡಿ ಗೈಡಾ?" ಎಂದ ಗಂಡ.

"ಹೂಂ. ಮುಂದಿನ ವಾರ ಬರ್ತಾರೆ. ನಮ್ಮ ತರಬೇತಿ ಕೇಂದ್ರದಲ್ಲಿ ಶಾಲೆ ಮೇಷ್ಟ್ರುಗಳಿಗೆ ಒಂದು ಪಾಠ ಮಾಡ್ತಾರೆ."

"ಯಾವ ಪಾಠ?"

"ತೂಬಿನ ಪ್ರಮೇಯ."

ಗಂಡ ಕೀಳುವುದನ್ನು ನಿಲ್ಲಿಸಿ ತಲೆಯೆತ್ತಿದ. "ಅಂತೂ ಬೋನಿಗೆ ಬೀಳಿಸಿದೆ ಅನ್ನು."

"ನಾನೇನೂ ಬೀಳಿಸ್ಲಿಲ್ಲ. ಕರೆದೆ. ಖುಷಿಯಿಂದ ಒಪ್ಕೊಂಡ್ರು."

"ಇಲೀನೂ ಖುಷಿಯಿಂದಾನೇ ಹೋಗೋದು ಬೋನಿಗೆ. ಹಗ್ಗ ಬಿಗಿಯಾಗಿ ಹಿಡ್ಕೊಳೇ, ಒದ್ದಾಳು."

ಅವಳು ಹಗ್ಗವನ್ನು ಅಂಗೈಗೆ ಒಂದು ಸುತ್ತು ಹೆಚ್ಚಾಗಿಯೇ ಸುತ್ತಿಕೊಂಡಳು.

ತೂಬಿನ ಪ್ರಮೇಯ ಎಂಬುದನ್ನು ಗಣಿತ ಓದದವರಿಗೂ ತಿಳಿಯುವ ಹಾಗೆ ಹೇಳಬಹುದು. ಒಂದು ಕೆರೆಯಿಂದ ಕಾಲುವೆಗಳು ಹೊರಡುತ್ತವೆ. ಅವು ಕವಲೊಡೆಯುತ್ತವೆ, ಒಂದನ್ನೊಂದು ಸೇರುತ್ತವೆ, ಮತ್ತೆ ಬೇರೆಯಾಗುತ್ತವೆ, ಕೊನೆಗೆ ಒಂದು ಹೊಲವನ್ನು ಮುಟ್ಟುತ್ತವೆ. ಆ ಹೊಲಕ್ಕೆ ಒಂದು ಹನಿಯೂ ಹೋಗದಂತೆ ತಡೆಯಬೇಕಾದರೆ ಕಾಲುವೆಗಳಿಗೆ ಎಷ್ಟು ತೂಬು ಇಟ್ಟು ಮುಚ್ಚಬೇಕು? ಒಂದು ವಿಶೇಷ ಬಗೆಯ ಜಾಲಕ್ಕೆ ದೊಡ್ಡ ಮೇಷ್ಟ್ರು ಅದರ ಲೆಕ್ಕವನ್ನು ಕಂಡುಹಿಡಿದಿದ್ದರು. ಇಷ್ಟು ತೂಬು ಸಾಕು ಎನ್ನುವುದು ಮೊದಲ ಅರ್ಧ. ಅದಕ್ಕಿಂತ ಒಂದು ಕಡಿಮೆಯಾದರೂ ಸಾಲದು, ಎಲ್ಲಿಟ್ಟರೂ ಸಾಲದು ಎನ್ನುವುದು ಎರಡನೆಯ ಅರ್ಧ. ಎರಡೂ ಸೇರಿದರೆ ಮಾತ್ರ ಪ್ರಮೇಯ. ಬರೀ ಮೊದಲರ್ಧ ಇಟ್ಟುಕೊಂಡವನು ಒಂದೇ ಎತ್ತು ಕಟ್ಟಿದ ಜೋಡೆತ್ತಿನ ಗಾಡಿಯ ಮೇಲೆ ಕುಳಿತ ಹಾಗೆ, ಕೂರಬಹುದು, ಹೋಗಲಾರ.

ಆ ಎರಡನೆಯ ಎತ್ತನ್ನು ತಂದು ಕಟ್ಟಿದವಳು ಅವಳು. ಆಗ ಅವಳು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಮೇಷ್ಟ್ರ ಕೋಣೆಯ ಗೋಡೆಯುದ್ದಕ್ಕೂ ಕರಿಹಲಗೆ ಇತ್ತು. ಮೇಷ್ಟ್ರು ತಿಂಗಳುಗಟ್ಟಲೆ ಕೆರೆಯಿಂದ ಹೊಲದ ಕಡೆಗೆ ನೀರಿನ ಹಿಂದೆ ಓಡಿ ಸೋತು ಕುರ್ಚಿಯಲ್ಲಿ ಕುಳಿತಿದ್ದ ಒಂದು ಮಧ್ಯಾಹ್ನ ಅವಳು ಎದ್ದು, "ಸರ್, ಹೊಲದಿಂದ ಹಿಂದಕ್ಕೆ ನಡೆದ್ರೆ?" ಎಂದಳು. ಹೊಲದಿಂದ ಹಿಂದಕ್ಕೆ ನಡೆಯುತ್ತ, ಒಂದನ್ನೊಂದು ಎಲ್ಲೂ ಮುಟ್ಟದ ಬೇರೆ ಬೇರೆ ಹಾದಿಗಳನ್ನು ಹುಡುಕಿ ತೆಗೆದಳು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬರೆದು ಮುಗಿಸುವಷ್ಟರಲ್ಲಿ ಅವಳ ತೋಳು ಮೊಣಕೈವರೆಗೂ ಬೆಳ್ಳಗಾಗಿತ್ತು. ಮೇಷ್ಟ್ರು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಮೇಲೆ ತಾವೇ ಎದ್ದು ಡಸ್ಟರು ತೆಗೆದುಕೊಂಡು ಹಲಗೆ ಒರೆಸಿದರು.

ಪ್ರಮೇಯ ಅಚ್ಚಾದಾಗ ಅದರ ಮೇಲೆ ಅವರೊಬ್ಬರದೇ ಹೆಸರಿತ್ತು. ಕೊನೆಯಲ್ಲಿ, ಲೆಕ್ಕ ಪರಿಶೀಲಿಸಿದ್ದಕ್ಕಾಗಿ ಅವಳಿಗೆ ವಂದನೆ. ಅವಳು ಹೋಗಿ ಕೇಳಿದಳು. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ, ನಗುವೇ ಬಂತು.

"ನನ್ನ ಕೋಣೆ, ನನ್ನ ಹಲಗೆ, ನನ್ನ ಚಾಕ್‌ಪೀಸು. ಅದ್ರಲ್ಲಿ ಬರೆದದ್ದು ನಿನ್ನದು ಹೇಗಾಗುತ್ತೆ ಮಗು?"

ಹಲಗೆಯ ಮೇಲೆ ಬರೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅವಳು ಹಲ್ಲು ಕಚ್ಚಿಕೊಂಡು ಪಿಎಚ್‌ಡಿ ಮುಗಿಸಿದಳು. ಮುಂದೆ ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ಹುದ್ದೆಯ ಸಂದರ್ಶನಕ್ಕೆ ಹೋದಾಗ ಆಯ್ಕೆ ಸಮಿತಿಯಲ್ಲಿ ಮೇಷ್ಟ್ರೂ ಕುಳಿತಿದ್ದರು. "ಹುಡುಗಿ ಲೆಕ್ಕದಲ್ಲಿ ಚುರುಕು. ಸ್ವಂತ ಯೋಚನೆ ಕಡಿಮೆ" ಎಂದು ಅವರು ಅಂದದ್ದು ಅವಳ ಕಿವಿಗೆ ಬೀಳಲು ಹೆಚ್ಚು ದಿನ ಬೇಕಾಗಲಿಲ್ಲ. ಹುದ್ದೆ ಸಿಗಲಿಲ್ಲ. ಅವಳು ಸಣ್ಣ ವಿಶ್ವವಿದ್ಯಾಲಯವೊಂದನ್ನು ಸೇರಿ, ಜಾಲಗಳ ಕಡೆ ತಿರುಗಿಯೂ ನೋಡದೆ ಬೇರೆಯೇ ಗಣಿತದಲ್ಲಿ ಕೆಲಸ ಮಾಡಿ ಹೆಸರು ಮಾಡಿದಳು. ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಹೊಟ್ಟೆಯೊಳಗಿನ ಕೆಂಡಕ್ಕೆ ಮಾತ್ರ ಬೂದಿ ಮುಚ್ಚಲು ಬಿಡಲಿಲ್ಲ. ದೊಡ್ಡ ಮೇಷ್ಟ್ರು ಎಲ್ಲಿ ಭಾಷಣ ಮಾಡಿದರೂ ಸಾಧ್ಯವಾದಾಗಲೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಬಂದಳು.

ಹಾಗೆ ಕುಳಿತುಕುಳಿತೇ ಅವಳಿಗೆ ಒಂದು ಸಂಗತಿ ಹೊಳೆಯಿತು. ಮೇಷ್ಟ್ರು ಮೊದಲ ಅರ್ಧವನ್ನು ಸೊಗಸಾಗಿ ಬಿಡಿಸಿ ಹೇಳುತ್ತಿದ್ದರು. ಅದು ಮುಗಿದೊಡನೆ ವಾಚು ನೋಡಿಕೊಂಡು, "ಇನ್ನರ್ಧವೂ ಇದೇ ರೀತಿ, ಸುಲಭವಾಗಿ ಕಾಣುತ್ತದೆ" ಎನ್ನುತ್ತಿದ್ದರು. ಸಭೆ ತಲೆಯಾಡಿಸುತ್ತಿತ್ತು. ಪ್ರೊಫೆಸರುಗಳ ಸಭೆಯಲ್ಲಿ, ಸುಲಭವೆಂದು ದೊಡ್ಡವರು ಹೇಳಿದ್ದನ್ನು ನನಗೆ ಕಾಣುತ್ತಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಇನ್ನರ್ಧ ಅದೇ ರೀತಿ ಇರಲಿಲ್ಲ. ತೀರ ಉಲ್ಟಾ ಇತ್ತು. ಅಂದರೆ ಇಳಿಸಿಕೊಂಡು ಅಚ್ಚು ಹಾಕಿಸಿದ ಮನುಷ್ಯನಿಗೆ ತಾನು ಏನನ್ನು ಇಳಿಸಿಕೊಂಡೆನೆಂಬುದು ಇವತ್ತಿಗೂ ಗೊತ್ತಿಲ್ಲ. ಆ ದಿನ ಮನೆಗೆ ಬಂದು ಅವಳು ಗಂಡನ ಮುಂದೆ ಬಿದ್ದುಬಿದ್ದು ನಕ್ಕಿದ್ದಳು. ಗಂಡನಿಗೆ ಹೆದರಿಕೆಯಾಗಿತ್ತು.

ತರಬೇತಿ ಕೇಂದ್ರ ಶುರುವಾದದ್ದು ಅದಾದ ಮೇಲೆ. ಹಳ್ಳಿ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸುವವರಿಗೆ ಸರಿಯಾಗಿ ಕಲಿಸಬೇಕೆಂದು ಸರಕಾರ ಯೋಚಿಸಿದಾಗ ಅವಳು ತಾನೇ ಮುಂದೆ ಬಿದ್ದು ಕೆಲಸ ವಹಿಸಿಕೊಂಡಳು. ಕಟ್ಟಡ ಮೊದಲು ಧಾನ್ಯದ ಗೋದಾಮಾಗಿತ್ತು. ಸುಣ್ಣ ಬಳಿದರೂ ಮಳೆ ಬಂದಾಗ ಮೂಲೆಗಳಿಂದ ಹಳೆಯ ಹೊಟ್ಟಿನ ವಾಸನೆ ಏಳುತ್ತಿತ್ತು. ಮೂರು ಗೋಡೆಗೂ ಕರಿಹಲಗೆ ಹೊಡೆಸಿದಳು. ಅಲ್ಲಿ ಅವಳದು ಒಂದೇ ಕಟ್ಟುನಿಟ್ಟಿನ ನಿಯಮ. ಹಲಗೆಯ ಮುಂದೆ ನಿಂತವರನ್ನು ಯಾರು ಬೇಕಾದರೂ 'ಹೇಗೆ?' ಎಂದು ಕೇಳಬಹುದು. ನಿಂತವರೇ ಉತ್ತರ ಹೇಳಬೇಕು. ಹೇಳುವವರೆಗೆ ಮುಂದಿನ ಗೆರೆ ಬರೆಯುವ ಹಾಗಿಲ್ಲ. ಮೊದಮೊದಲು ಮೇಷ್ಟ್ರುಗಳು ಬೆವರಿದರು, ಒಬ್ಬರಂತೂ ಅತ್ತರು. ಬರುಬರುತ್ತ ಅದೇ ಚಟವಾಯಿತು. ಬೆನ್ನ ಹಿಂದೆ ಅವಳಿಗೆ 'ಹೇಗಮ್ಮ' ಎಂದು ಹೆಸರಿಟ್ಟರು. ಅವಳಿಗೆ ಅದು ಗೊತ್ತಿತ್ತು, ಬೇಜಾರಿರಲಿಲ್ಲ. ಕೆಲಸ ಒಳ್ಳೆಯದೇ, ಅದರಿಂದ ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಅಷ್ಟು ಜನ ಒಟ್ಟಿಗೆ ಹಲಗೆಯ ಕಡೆ ಕಣ್ಣು ನೆಟ್ಟು ಕೂರುವುದನ್ನು ನೋಡುವಾಗಲೆಲ್ಲ ಅವಳ ಕಣ್ಣಿಗೆ ಹಲಗೆಯ ಮುಂದೆ ಕಾಣುತ್ತಿದ್ದದ್ದು ಒಬ್ಬರೇ.

ದೊಡ್ಡ ಮೇಷ್ಟ್ರನ್ನು ಕರೆದಾಗ ಫೋನಿನಲ್ಲಿ ಅವಳು ಕೇಳಿಕೊಂಡಿದ್ದಳು: "ಸರ್, ಎರಡೂ ಅರ್ಧ ಹೇಳಿಕೊಟ್ರೆ ನಮ್ಮೋರಿಗೆ ಉಪಕಾರ ಆಗುತ್ತೆ."

"ಹಳ್ಳಿ ಮೇಷ್ಟ್ರುಗಳಿಗೆ ಮೊದಲರ್ಧವೇ ಹೆಚ್ಚಾಯ್ತು ಮಗು. ನೋಡೋಣ ಬಿಡು."

ದೊಡ್ಡ ಮೇಷ್ಟ್ರು ಬಂದ ದಿನ ಬಿಸಿಲು ಹದವಾಗಿತ್ತು. ಗಂಡನೇ ಸ್ಟೇಷನ್ನಿಗೆ ಹೋಗಿ ಕಾರಿನಲ್ಲಿ ಕರೆದುಕೊಂಡು ಬಂದ. ವಯಸ್ಸು ಅವರ ಬೆನ್ನನ್ನು ಬಗ್ಗಿಸಿತ್ತೇ ಹೊರತು ದನಿಯನ್ನು ಮುಟ್ಟಿರಲಿಲ್ಲ. ಇಸ್ತ್ರಿ ಕೆಡದ ಬಿಳಿ ಅಂಗಿ, ಎಡಗೈಯಲ್ಲಿ ದೊಡ್ಡ ವಾಚು. ಸಭೆಗೆಲ್ಲ ಕೇಳುವ ಹಾಗೆ, "ಇವಳು ನನ್ನ ಕೈಯಲ್ಲಿ ಬೆಳೆದ ಹುಡುಗಿ" ಎಂದು ಅವಳ ತಲೆ ಸವರಿದರು. ನೆರೆತ ತಲೆ. ಅವಳು ಸವರಿಸಿಕೊಂಡು ಹೋಗಿ ಪಕ್ಕದ ಗೋಡೆಗೆ ಒರಗಿ ಕುಳಿತಳು.

ಪಾಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೆರೆ ಬರೆದರು, ಕಾಲುವೆ ಎಳೆದರು. ತೂಬಿಗೆ ಬಣ್ಣದ ಚಾಕ್‌ಪೀಸಿನಿಂದ ಗುರುತು ಹಾಕಿದರು. ನಡುವೆ ತಮಾಷೆ ಮಾಡಿದರು. ಇಡೀ ಗೋದಾಮು ನಗುತ್ತ, ತಲೆದೂಗುತ್ತ ಅವರ ಹಿಂದೆ ಹೋಯಿತು. ಎರಡು ಕಡೆ ಯಾರೋ 'ಹೇಗೆ?' ಎಂದರು, ಎರಡು ಕಡೆಯೂ ಅವರು ಸಂತೋಷದಿಂದ ಬಿಡಿಸಿ ಹೇಳಿದರು. "ಒಳ್ಳೆ ಅಭ್ಯಾಸ ಇದು, ಬಿಡಬೇಡಿ" ಎಂದು ಬೆನ್ನು ತಟ್ಟುವವರಂತೆ ಹೇಳಿದರು. ಇಷ್ಟು ತೂಬು ಸಾಕು ಎಂಬಲ್ಲಿಗೆ ಬಂದು ಕೆಳಗೆ ದಪ್ಪ ಗೆರೆ ಎಳೆದರು. ಕೈ ಕೊಡವಿ ವಾಚು ನೋಡಿಕೊಂಡರು.

"ಇದಕ್ಕಿಂತ ಕಡಿಮೆ ಸಾಲದು ಅನ್ನೋದು ಇನ್ನರ್ಧ. ಅದೂ ಇದೇ ಥರ. ಸುಲಭವಾಗಿ ಕಾಣುತ್ತೆ."

ಮಧ್ಯದ ಬೆಂಚಿನಿಂದ ಏಣಿ ಮೇಷ್ಟ್ರು ಎದ್ದು ನಿಂತರು. ಎತ್ತರದ ಮನುಷ್ಯ, ಆ ಎತ್ತರಕ್ಕೇ ಆ ಅಡ್ಡಹೆಸರು. "ಸರ್, ನಂಗೆ ಕಾಣ್ತಿಲ್ಲ."

"ಇಷ್ಟು ಎತ್ತರದಿಂದಲೂ ಕಾಣಲ್ವೇನಪ್ಪಾ?"

ಎಲ್ಲರೂ ನಕ್ಕರು. ಏಣಿ ಮೇಷ್ಟ್ರೂ ನಕ್ಕರು, ಆದರೆ ಕೂರಲಿಲ್ಲ. "ಇಲ್ಲ ಸರ್. ಹೇಗೆ ಅದು?"

"ನೋಡು, ಇಟ್ಟಿರೋ ತೂಬುಗಳಲ್ಲಿ ಇದೊಂದನ್ನ ತೆಗಿ. ನೀರು ಇಲ್ಲಿಂದ ಹೀಗೆ ನುಗ್ತು. ಇನ್ನೊಂದನ್ನ ತೆಗಿ, ಹೀಗೆ ನುಗ್ತು. ಯಾವುದನ್ನ ತೆಗೆದ್ರೂ ನುಗ್ಗುತ್ತೆ. ಕಡಿಮೆ ಸಾಲದು. ಆಯ್ತಲ್ಲ?"

"ಅದು ನೀವು ಇಟ್ಟ ತೂಬು ಸರ್. ನಾನು ಬೇರೆ ಥರ ಇಡ್ತೀನಿ, ಬೇರೆ ಜಾಗದಲ್ಲಿ. ಆಗ ಕಡಿಮೆ ಸಾಕಾಗಬಹುದಲ್ಲ?"

ದೊಡ್ಡ ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಗೋಡೆಗೆ ಒರಗಿದ್ದ ಅವಳು ಬೆನ್ನು ನೆಟ್ಟಗೆ ಮಾಡಿದಳು. ಅವಳು ಏಣಿ ಮೇಷ್ಟ್ರಿಗಾಗಲಿ ಮತ್ತೊಬ್ಬರಿಗಾಗಲಿ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೇ ಇರಲಿಲ್ಲ.

ಮೇಷ್ಟ್ರು ಒಂದು ಗೆರೆ ಬರೆದರು. ನಿಂತು ನೋಡಿದರು. ತಾವೇ ಅಳಿಸಿದರು. ಇನ್ನೊಂದು ಬರೆದರು, ಅದನ್ನೂ ಅಳಿಸಿದರು. ಅವಳು ನಂಬಿಕೊಂಡದ್ದು ಇದನ್ನೇ. ಗಣಿತದವರು ಹೊರಗೆ ಎಷ್ಟು ಬೇಕಾದರೂ ತಿಪ್ಪೆ ಸಾರಿಸಬಲ್ಲರು, ಸಮಿತಿಯಲ್ಲಿ ಕುಳಿತು ಸುಳ್ಳು ಹೇಳಬಲ್ಲರು. ಆದರೆ ಹಲಗೆಯ ಮೇಲೆ ತಪ್ಪೆಂದು ಗೊತ್ತಿರುವ ಗೆರೆಯನ್ನು ಬಿಟ್ಟು ಮುಂದಿನದನ್ನು ಬರೆಯಲು ಅವರ ಕೈ ಏಳುವುದಿಲ್ಲ. ಮೇಷ್ಟ್ರು ಕೆರೆಯಿಂದ ಹೊರಟು ನೀರಿನ ಹಿಂದೆ ಓಡುತ್ತಿದ್ದರು, ಹಿಂದೆ ಓಡಿದ್ದ ಹಾಗೆಯೇ. ಅಂಗಿಯ ಬೆನ್ನಿನಲ್ಲಿ ಬೆವರಿನ ಕಲೆ ಮೂಡಿತು.

ಕೊನೆಗೆ ಅವರು ತಿರುಗಿ, ಹಗುರವಾಗಿ ನಗುತ್ತ, ಚಾಕ್‌ಪೀಸನ್ನು ಅವಳ ಕಡೆ ಚಾಚಿದರು. "ಬಾ ಮಗು. ಇಂಥ ಸಣ್ಣಪುಟ್ಟ ಲೆಕ್ಕ ಎಲ್ಲ ಇವಳೇ ನೋಡ್ಕೊಳ್ತಿದ್ಲು. ಇವಳು ಹೇಳ್ತಾಳೆ ನಿಮಗೆ."

ಎದ್ದರೆ ಎಲ್ಲ ಮುಗಿದುಹೋಗುತ್ತದೆ. ಇವಳು ಹೇಳಿಕೊಡುತ್ತಾಳೆ, ಅವರು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಾರೆ, ಎಲ್ಲರೂ ಗುರುಶಿಷ್ಯರನ್ನು ಹೊಗಳಿ ಮನೆಗೆ ಹೋಗುತ್ತಾರೆ. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು.

"ಇಲ್ಲಿ ಹಾಗಿಲ್ಲ ಸರ್. ಹಲಗೆ ಮುಂದೆ ನಿಂತೋರೇ ಹೇಳ್ಬೇಕು."

ಚಾಚಿದ ಕೈ ಹಾಗೆಯೇ ಉಳಿಯಿತು. ನಿವೃತ್ತಿಗೆ ಹತ್ತಿರವಾಗಿದ್ದ ಮೇಡಂ ಒಬ್ಬರು ಮೆಲ್ಲಗೆ, "ವಯಸ್ಸಾಗಿದೆ ಪಾಪ, ಮರೆತಿರ್ತಾರೆ. ಬಿಡಿ ಮೇಡಂ" ಎಂದರು.

ದೊಡ್ಡ ಮೇಷ್ಟ್ರು ಆ ಮಾತನ್ನು ಬಾಚಿ ಹಿಡಿದುಕೊಂಡರು. "ಹೌದಮ್ಮ. ತಲೆ ಮೊದಲಿನ ಹಾಗಿಲ್ಲ ನೋಡಿ. ಮರೆತುಹೋಯ್ತು."

"ಮರೆತ್ರೆ ತಪ್ಪಿಲ್ಲ ಸರ್," ಎಂದಳು ಅವಳು. ದನಿ ತಗ್ಗಿತ್ತು, ಆದರೆ ಎಲ್ಲರಿಗೂ ಕೇಳುತ್ತಿತ್ತು. "ಮರೀಬೇಕಾದ್ರೆ ಮೊದಲು ಗೊತ್ತಿರ್ಬೇಕಲ್ಲ. ಯಾವತ್ತಾದ್ರೂ ಗೊತ್ತಿತ್ತಾ?"

ಬಾಗಿಲಲ್ಲಿ ನಿಂತಿದ್ದ ಗಂಡ ಅವಳನ್ನು ನೋಡಿ ಕಣ್ಣಲ್ಲೇ, ಸಾಕು ಎಂದ. ಅವಳು ಅವನ ಕಡೆ ನೋಡಲಿಲ್ಲ.

ದೊಡ್ಡ ಮೇಷ್ಟ್ರು ಹಲಗೆಯನ್ನು ನೋಡಿದರು. ಅಳಿಸಿದ ಗೆರೆಗಳ ಬೂದು ಕಲೆ ಅಲ್ಲಿತ್ತು. "ಇಲ್ಲ," ಎಂದರು.

ಏಣಿ ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಅವರು ಇನ್ನೂ ನಿಂತೇ ಇದ್ದರು. "ಅಂದ್ರೆ ರುಜುವಾತೇ ಇಲ್ವಾ ಸರ್ ಇದಕ್ಕೆ?"

"ಇದೆಯಪ್ಪ."

"ಯಾರು ಮಾಡಿದ್ದು ಹಾಗಾದ್ರೆ?"

ಮೇಷ್ಟ್ರು ಕೈಯಲ್ಲಿದ್ದ ಚಾಕ್‌ಪೀಸನ್ನು ಅವಳ ಕಡೆ ತೋರಿಸಿದರು. ಅವಳಿಗೆ ಅಷ್ಟು ಸಾಲಲಿಲ್ಲ. ಅವರೇ ಬಾಯಿಬಿಟ್ಟು ಹೇಳಬೇಕಿತ್ತು.

"ಇವಳು. ಇನ್ನರ್ಧ ಪೂರ್ತಿ ಇವಳದು. ನಾನು ನನ್ನ ಹೆಸರು ಹಾಕ್ಕೊಂಡೆ."

ಬೆಂಚುಗಳು ಕಿರುಗುಟ್ಟಿದವು, ಎಲ್ಲ ಮುಖಗಳೂ ಅವಳ ಕಡೆ ಹೊರಳಿದವು. ಅವಳಿಗೆ ಹಗುರವೆನಿಸಲಿಲ್ಲ, ಅಳುವೂ ಬರಲಿಲ್ಲ. ಬಾಯಲ್ಲಿ ಮಾತ್ರ ನೀರೂರಿತು. ಬಹಳ ಹೊತ್ತು ಹಸಿದವರಿಗೆ ತಟ್ಟೆ ಕಂಡಾಗ ಆಗುವ ಹಾಗೆ. ಅವಳು ಎದ್ದು ಹೋಗಿ ಚಾಕ್‌ಪೀಸು ತೆಗೆದುಕೊಂಡಳು.

"ನಾನು ಹೊರಡ್ತೀನಿ ಹಾಗಾದ್ರೆ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

"ಮೊದಲು ಇದನ್ನ ಒರೆಸಿಕೊಡಿ ಸರ್. ಆಮೇಲೆ ಅಲ್ಲಿ ಕೂತ್ಕೊಳ್ಳಿ."

ಅವರು ಡಸ್ಟರು ತೆಗೆದುಕೊಂಡು ಹಲಗೆ ಒರೆಸಿದರು. ಮೇಲಿನ ಮೂಲೆ ಕೈಗೆ ಎಟಕಲಿಲ್ಲ, ತುದಿಗಾಲಲ್ಲಿ ನಿಂತರು. ಸಹಾಯಕ್ಕೆಂದು ಎದ್ದ ಒಬ್ಬ ಮೇಷ್ಟ್ರನ್ನು ಅವಳು ಕಣ್ಣಿನಿಂದಲೇ ಕೂರಿಸಿದಳು. ಆಮೇಲೆ ಅವರು ಮುಂದಿನ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡು ಕುಳಿತರು. ಬಿಳಿ ಅಂಗಿಯ ತುಂಬ ಚಾಕ್‌ಪೀಸಿನ ಪುಡಿ.

ಅವಳು ಹೊಲದಿಂದ ಶುರು ಮಾಡಿದಳು. ಹೊಲದಿಂದ ಹಿಂದಕ್ಕೆ ಒಂದು ಹಾದಿ. ಅದನ್ನು ಎಲ್ಲೂ ಮುಟ್ಟದ ಇನ್ನೊಂದು ಹಾದಿ. ಎರಡನ್ನೂ ಮುಟ್ಟದ ಮತ್ತೊಂದು. ಪ್ರತಿ ಹಾದಿಯಲ್ಲೂ ನೀರು ಬರುವುದರಿಂದ ಪ್ರತಿ ಹಾದಿಗೂ ಅದರದೇ ತೂಬು ಬೇಕು, ಒಂದರ ತೂಬು ಇನ್ನೊಂದಕ್ಕೆ ಆಗುವುದಿಲ್ಲ. ಅಂಥ ಹಾದಿ ಎಷ್ಟು ಸಿಗುತ್ತವೋ ಅಷ್ಟು ತೂಬು ಬೇಕೇ ಬೇಕು, ಎಲ್ಲಿಡುತ್ತೀರೋ ಇಟ್ಟುಕೊಳ್ಳಿ. ಪ್ರತಿ ಗೆರೆ ಮುಗಿದಾಗಲೂ ಅವಳು ತಿರುಗಿ, "ಇಲ್ಲಿವರೆಗೆ ಗೊತ್ತಾಯ್ತಾ ಸರ್?" ಎಂದಳು. ಬೇರೆ ಯಾರನ್ನೂ ಕೇಳಲಿಲ್ಲ. ಅವರು ತಲೆತಗ್ಗಿಸಿ, "ಹೂಂ" ಎಂದರು. ಪ್ರತಿ 'ಹೂಂ' ಅವಳಿಗೆ ಸಿಹಿಯಾಗಿತ್ತು. ಬೇಕೆಂದೇ ಗೆರೆಗಳನ್ನು ಚಿಕ್ಕದು ಮಾಡಿ ಎರಡೆರಡು ಹೂಂ ಹೆಚ್ಚಿಗೆ ವಸೂಲು ಮಾಡಿದಳು.

ಅಷ್ಟು ಹಾದಿಗಳು ಸಿಕ್ಕೇ ಸಿಗುತ್ತವೆ ಎಂದು ತೋರಿಸುವ ಕಷ್ಟದ ಜಾಗದಲ್ಲಿ ಅವಳು ತಿರುಗಿ ಕೇಳಿದಾಗ ಹೂಂ ಬರಲಿಲ್ಲ.

"ಇಲ್ಲ. ಇದು ಗೊತ್ತಾಗ್ಲಿಲ್ಲ," ಎಂದರು ಮೇಷ್ಟ್ರು. ತಲೆ ಎತ್ತಿದ್ದರು. "ಇನ್ನೊಂದ್ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಅವರು ಬೆಂಚಿನ ತುದಿಗೆ ಸರಿದು ಬಂದರು. ಏಣಿ ಮೇಷ್ಟ್ರ ಕೈಯಿಂದ ಪೆನ್ನು ಇಸಿದುಕೊಂಡು ಅಂಗೈ ಮೇಲೆ ಕಾಲುವೆ ಎಳೆದುಕೊಂಡು ನೋಡಿದರು. ಆಮೇಲೆ ಅವರ ಮುಖ ಬಿಚ್ಚಿಕೊಂಡಿತು. ಅದರಲ್ಲಿ ಅವಮಾನದ ಸುಳಿವೂ ಇರಲಿಲ್ಲ.

"ಓಹೋ. ಹಾದೀನ ಅರ್ಧದಲ್ಲಿ ಅದಲುಬದಲು ಮಾಡೋದು. ಎಷ್ಟು ಚೆಂದ ಇದೆಯಲ್ಲ ಇದು," ಎಂದರು. ಪಕ್ಕದ ಮೇಡಂ ಕಡೆ ತಿರುಗಿ, "ನಿಮಗೆ ಹೊಳೀತಾ? ನೋಡಿ, ಇಲ್ಲಿ ನೋಡಿ" ಎಂದು ಅಂಗೈ ತೋರಿಸಿದರು.

ಅವಳ ಕೈಯಲ್ಲಿ ಚಾಕ್‌ಪೀಸು ಮುರಿಯಿತು. ಅವಳು ಅವರಿಗೆ ತಿನ್ನಿಸಬೇಕೆಂದದ್ದು ಮಣ್ಣು. ಅವರು ಹಬ್ಬದೂಟದಂತೆ ಉಣ್ಣುತ್ತಿದ್ದರು. ಉಳಿದ ಗೆರೆಗಳನ್ನು ಅವಳು ಯಾರ ಕಡೆಗೂ ತಿರುಗದೆ ಬರೆದು ಮುಗಿಸಿದಳು.

ಕಾರಿನ ಬಳಿ ದೊಡ್ಡ ಮೇಷ್ಟ್ರು ಅವಳ ಎರಡೂ ಕೈ ಹಿಡಿದುಕೊಂಡರು. "ಬೈಕೋ, ತಪ್ಪು ನನ್ನದು. ಆದ್ರೆ ಇವತ್ತು ನೀನು ಕೊಟ್ಟದ್ದಿದೆಯಲ್ಲ, ಅದು ದೊಡ್ಡದು. ಮುಂದಿನ ತಿಂಗಳು ರಾಜಧಾನೀಲಿ ಗಣಿತದವರ ದೊಡ್ಡ ಸಭೆ ಇದೆ. ಭಾಷಣ ನಂದೇ. ಇನ್ನು ವಾಚು ನೋಡ್ಕೊಳ್ಳೋ ಹಾಗಿಲ್ಲ. ಎರಡೂ ಅರ್ಧ ಹೇಳ್ಬಿಡ್ತೀನಿ."

"ಯಾರದು ಅಂತಾನೂ ಹೇಳ್ತೀರಾ?"

ಅವರು ಸೀಟಿನಲ್ಲಿ ಕುಳಿತು ಬೆಲ್ಟಿನ ಕೊಂಡಿ ಹುಡುಕಿದರು. "ಅಂಥ ಸಭೇಲಿ ಅದನ್ನೆಲ್ಲ ಯಾರು ಕೇಳ್ತಾರೆ ಮಗು?" ಎಂದರು. ದನಿಯಲ್ಲಿ ಕಪಟವಿರಲಿಲ್ಲ. ಅದು ಅವರಿಗೆ ನಿಜವಾಗಿಯೂ ಗೊತ್ತಿರುವ ಸಂಗತಿಯಾಗಿತ್ತು. ಗಂಡ ಕಾರು ತಿರುಗಿಸಿಕೊಂಡು ಹೊರಟ.

ಅವಳು ಧೂಳು ಕೂರುವವರೆಗೆ ಅಲ್ಲೇ ನಿಂತಿದ್ದು ಒಳಗೆ ಬಂದಳು. ಚೀಲ ಹೆಗಲಿಗೇರಿಸುತ್ತಿದ್ದ ಮೇಷ್ಟ್ರುಗಳು ಅವಳ ಕಡೆ ತಿರುಗಿದರು. ಯಾರೋ ಸಮಾಧಾನದ ಮಾತು ಆಡಲು ಬಾಯಿ ತೆರೆದರು. ಅವಳು ಅದಕ್ಕೆ ಎಡೆಕೊಡಲಿಲ್ಲ.

"ಮುಂದಿನ ತಿಂಗಳು ರಾಜಧಾನೀಲಿ ಇದೇ ಪಾಠ ಇದೆ. ದೊಡ್ಡ ಸಭೆ, ಯಾರು ಬೇಕಾದ್ರೂ ಹೋಗಿ ಕೂರಬಹುದು. ಎಷ್ಟು ಜನ ಬರ್ತೀರಿ?"

"ಅಲ್ಲಿ ನಾವು ಕೇಳಬಹುದಾ ಮೇಡಂ?" ಎಂದರು ಏಣಿ ಮೇಷ್ಟ್ರು.

"ಕೇಳೋದಕ್ಕೇ ಕರ್ಕೊಂಡು ಹೋಗೋದು."

ಒಂದೊಂದಾಗಿ ಕೈಗಳು ಎದ್ದವು. ಪಾಪ ಎಂದಿದ್ದ ಮೇಡಂ ಅವರ ಕೈ ಕೊನೆಗೆ ಎದ್ದಿತು, ಆದರೂ ಎದ್ದಿತು.

ಸಂಜೆ ಗಂಡ ಸ್ಟೇಷನ್ನಿನಿಂದ ಬಂದು, ಕೈಕಾಲು ತೊಳೆದು, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ. "ದಾರಿಯುದ್ದಕ್ಕೂ ಅಂಗೈ ನೋಡ್ಕೊಂಡೇ ಕೂತಿದ್ದ ನಿನ್ನ ಮುದುಕ," ಎಂದ. "ಹೇಳಿಸಿದೆಯಲ್ಲ. ಮುಗೀತು ತಾನೇ?"

"ಬಸ್ಸಿನವನ ಫೋನ್ ನಂಬರ್ ಇದೆಯಾ ನಿಮ್ಮ ಹತ್ರ? ಅವನ ಎಮ್ಮೆಗೆ ಔಷಧಿ ಕೊಟ್ಟಿದ್ರಲ್ಲ, ಅವನದು."

"ಇದೆ. ಸಣ್ಣ ಬಸ್ಸೋ, ದೊಡ್ಡದೋ?"

"ದೊಡ್ಡದು. ಬೆಳಗ್ಗೆ ಬೇಗ ಹೊರಡೋ ಹಾಗಿರ್ಬೇಕು. ಮುಂದಿನ ಸಾಲಿನ ಕುರ್ಚಿ ಎಲ್ಲ ನಮ್ಮೋರಿಗೇ ಸಿಗ್ಬೇಕು."